ಸುಳಿಯಲ್ಲಿ ಉಳಿದ ಒಂದು ಹುಳು

ಗೋವಿನಜೋಳದ ಸುಳಿ ಬಿಡಿಸಿ ನೋಡಿದರೆ ಕೈಗೆ ಸಿಗುವುದು ಒಂದು ಹುಳು, ಅಪರೂಪಕ್ಕೆ ಎರಡು. ಕಟ್ಟಿಗೆಪುಡಿಯಂಥ ಹಸಿ ಹಿಕ್ಕೆಯ ನಡುವೆ ಅದೊಂದೇ ಇರುತ್ತದೆ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. 2018ರ ನಂತರ ನಮ್ಮ ಮೂಡಲಗಿ, ಗೋಕಾಕ, ಹುಕ್ಕೇರಿ ಸೀಮೆಯ ಯಾವ ರೈತನಿಗೂ ಈ ಫಾಲ್ ಸೈನಿಕ ಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಒಂದು ಲೆಕ್ಕ ಮಾತ್ರ ಹಲವರ ಗಮನಕ್ಕೆ ಬಂದಿಲ್ಲ. ಹೆಣ್ಣು ಪತಂಗ ಒಂದೇ ಕಡೆ ನೂರು, ಇನ್ನೂರು ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ತನ್ನ ಮೈಯ ರೋಮವನ್ನೇ ಅವುಗಳ ಮೇಲೆ ಹೊದಿಸಿ ಹೋಗುತ್ತದೆ. ಮೂರ್ನಾಲ್ಕು ದಿನಕ್ಕೆ ಅಷ್ಟೂ ಒಡೆಯುತ್ತವೆ. ಎರಡು ವಾರ ಕಳೆದ ಮೇಲೆ ಅದೇ ಗಿಡದಲ್ಲಿ ಒಂದು ಹುಳು ಇರುತ್ತದೆ. ಉಳಿದವು ಎಲ್ಲಿ ಹೋದವು?

ಕೆಲವು ನೂಲಿಗೆ ಜೋತುಬಿದ್ದು ಗಾಳಿಯ ಜೊತೆ ಪಕ್ಕದ ಗಿಡಗಳಿಗೆ ಹೋಗುತ್ತವೆ. ಕೆಲವು ಮಳೆಗೆ ಕೊಚ್ಚಿಹೋಗುತ್ತವೆ, ಕೆಲವು ಜೇಡ, ಇರುವೆಗಳ ಪಾಲಾಗುತ್ತವೆ. ಒಂದೇ ಸುಳಿಗೆ ಇಳಿದು ಮೂರನೆಯ ಹಂತಕ್ಕೆ ಬೆಳೆದವುಗಳಲ್ಲಿ ದೊಡ್ಡ ಪಾಲು ಒಡಹುಟ್ಟಿದ ಹುಳುವಿನ ಹೊಟ್ಟೆ ಸೇರುತ್ತದೆ. ನಾನು ಕೀಟಶಾಸ್ತ್ರ ಓದಿದವಳು. ಈ ಸಂಗತಿಯ ಬೆನ್ನಿಗಿರುವ ಪ್ರಶ್ನೆಯೊಂದು ಹುಡುಗಿಯಾಗಿದ್ದಾಗಿನಿಂದ ನನ್ನ ಜೊತೆಗಿದೆ. ತನ್ನ ಜಾತಿಯನ್ನೇ ತಿಂದ ಹುಳು ಅದರಿಂದ ಬೆಳೆಯುತ್ತದೆಯೇ? ತಿಂದದ್ದು ಮೈಗೆ ಹತ್ತುತ್ತದೆಯೇ?

ನಮ್ಮ ಊರು ಮೂಡಲಗಿ ಕಡೆಯದು. ಧೂಪದಾಳದಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆಯ ನೀರು ಸಿಕ್ಕ ಹೊಲಗಳೆಲ್ಲ ಆಗಲೇ ಕಬ್ಬಿಗೆ ತಿರುಗಿದ್ದವು. ನಮ್ಮಪ್ಪನ ಪಾಲಿಗೆ ಬಂದ ಎರಿ ಹೊಲದ ಒಂದು ತುಂಡು ಮಾತ್ರ ನೀರು ಹತ್ತದ ಎತ್ತರದಲ್ಲಿತ್ತು. ಅಲ್ಲಿ ಮುಂಗಾರಿಗೆ ತೊಗರಿ, ಹಿಂಗಾರಿಗೆ ಕಡ್ಲಿ. ಎಳ್ಳ ಅಮಾವಾಸ್ಯೆಯ ದಿನ ಚರಗ ಚೆಲ್ಲಲು ಬುತ್ತಿ ಕಟ್ಟಿಕೊಂಡು ಅಲ್ಲಿಗೇ ಹೋಗುತ್ತಿದ್ದೆವು. ಕಡ್ಲಿ ಗಿಡದಲ್ಲಿ ಕಾಯಿ ಕಟ್ಟಿರುತ್ತಿತ್ತು, ಬೆಳಗಿನ ಇಬ್ಬನಿಗೆ ಗಿಡದ ಹುಳಿ ಕಾಲಿಗೆ ಹತ್ತಿ ಚುರುಚುರು ಎನ್ನುತ್ತಿತ್ತು. ಸುಲಗಾಯಿ ಕಿತ್ತು ಸುಲಿಯುವಾಗ ಎಷ್ಟೋ ಕಾಯಿಗಳಲ್ಲಿ ಕಾಳಿನ ಬದಲು ದುಂಡನೆಯ ತೂತು. ತೂತಿನಲ್ಲಿ ತಲೆ ಹುದುಗಿಸಿ, ಅರ್ಧ ಮೈ ಹೊರಗೆ ಚಾಚಿಕೊಂಡ ಹಸಿರು ಹುಳು.

ತೊಗರಿಗೂ ಅದೇ ಹುಳು ಬೀಳುತ್ತಿತ್ತು. ಆಗ ಮನೆಮಂದಿಯೆಲ್ಲ ಹೊಲಕ್ಕೆ ಇಳಿಯುತ್ತಿದ್ದೆವು. ಸಾಲಿನ ನಡುವೆ ತಾಡಪತ್ರಿ ಹಾಸಿ, ಇಬ್ಬರು ಗಿಡ ಹಿಡಿದು ಜಾಡಿಸಿದರೆ ಹುಳುಗಳು ಪಟಪಟನೆ ಉದುರುತ್ತಿದ್ದವು. ಅಪ್ಪ ಅವನ್ನು ಬಳಿದು ಚಿಮಣಿ ಎಣ್ಣೆ ಬೆರೆಸಿದ ನೀರಿಗೆ ಹಾಕುತ್ತಿದ್ದ. ಒಮ್ಮೆ ಮನೆಯ ಕೋಳಿಗಳಿಗೆಂದು ಒಂದು ಡಬ್ಬಿ ತುಂಬ ನಾನು ತೆಗೆದಿಟ್ಟುಕೊಂಡೆ. ಹಸಿವಾದೀತೆಂದು ಎಳೆ ಕಾಯಿ, ಎಲೆ ಹಾಕಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು ಪಡಸಾಲೆಯಲ್ಲಿ ಇಟ್ಟೆ. ಬೆಳಗ್ಗೆ ಮುಚ್ಚಳ ತೆಗೆದರೆ ಹುಳುಗಳು ಅರ್ಧಕ್ಕೂ ಕಡಿಮೆ. ತಳದಲ್ಲಿ ಕಪ್ಪಾದ ತಲೆಚಿಪ್ಪು, ಚರ್ಮದ ಚೂರು. ಹಾಕಿದ ಎಲೆ ಇನ್ನೂ ಬೇಕಾದಷ್ಟಿತ್ತು.

“ಆಯಿ, ಡಬ್ಬಿ ತುಂಬ ಇಟ್ಟಿದ್ನೆಲ್ಲ, ಎಲ್ಲಿ ಹ್ವಾದುವು?”

“ಎಲ್ಲೀನೂ ಹೋಗಿಲ್ಲ ಯವ್ವಾ. ಒಂದಕ್ಕೊಂದು ತಿಂದಾವ.”

“ಎಲಿ ಹಾಕೇನಲ್ಲ? ಹಸಿವಿ ಯಾಕ ಆಕ್ಕೈತಿ?”

“ಹಸಿವಿಗಲ್ಲ, ಇಕ್ಕಟ್ಟಿಗೆ” ಅಂದಳು ಆಯಿ. ಕೈಯಲ್ಲಿದ್ದ ಮೊರ ಕೆಳಗಿಡಲೂ ಇಲ್ಲ.

ಆಯಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಒಂದು ಮಾತು ಎಷ್ಟು ಖರೆ ಎಂದು ತಿಳಿಯಲು ನನಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ನಾನು ಅಲ್ಲಿ ಓದುತ್ತಿದ್ದ ತೊಂಬತ್ತರ ದಶಕ ನಮ್ಮ ಕಡ್ಲಿ, ತೊಗರಿಯ ಆ ಹಸಿರು ಹುಳುವಿನ, ಅಂದರೆ ಕಾಯಿಕೊರಕದ ಕಾಲ. ಹತ್ತಿ, ತೊಗರಿ, ಕಡಲೆ, ಟೊಮೆಟೊ ಯಾವುದನ್ನೂ ಅದು ಬಿಡುತ್ತಿರಲಿಲ್ಲ. ಎಣ್ಣೆ ಹೊಡೆದಷ್ಟೂ ಜಗ್ಗದೆ ಉಳಿಯುವುದನ್ನು ಕಲಿತುಬಿಟ್ಟಿತ್ತು. 1997-98ರ ಹಂಗಾಮಿನಲ್ಲಿ ಕಲಬುರಗಿ ಕಡೆ ತೊಗರಿ ಕೈಕೊಟ್ಟು ರೈತರು ಪಟ್ಟ ಪಾಡು ನಾಡಿಗೆಲ್ಲ ಗೊತ್ತಿದೆ. ರಾಸಾಯನಿಕ ಸೋತಲ್ಲಿ ಹುಳುವಿನದೇ ರೋಗವನ್ನು ಅದರ ಮೇಲೆ ಬಿಡುವ ದಾರಿಯೊಂದಿತ್ತು. ಎನ್‌ಪಿವಿ ಎಂಬ ನಂಜಾಣು ತಗುಲಿದ ಹುಳು ಗಿಡದ ತುದಿಗೆ ಹತ್ತಿ, ತಲೆ ಕೆಳಗಾಗಿ ಜೋತುಬಿದ್ದು, ಮೈಯೆಲ್ಲ ನೀರಾಗಿ ಸಾಯುತ್ತದೆ. ಸತ್ತ ಹುಳುಗಳನ್ನು ಅರೆದು ಸೋಸಿದ ದ್ರಾವಣವೇ ಔಷಧ. ಅದರ ಅಳತೆಯನ್ನೂ ಹುಳುವಿನಲ್ಲೇ ಹೇಳುತ್ತಾರೆ, ಹೆಕ್ಟೇರಿಗೆ 250 ಹುಳು ಸಮಾನ. ಒಂದು ಹುಳು ಸಮಾನವೆಂದರೆ 600 ಕೋಟಿ ನಂಜಾಣು ಹರಳು. ಬಿಸಿಲಿಗೆ ನಂಜಾಣು ಸಾಯದಿರಲೆಂದು ಬಟ್ಟೆಗೆ ಹಾಕುವ ರಾಣಿಪಾಲ, ಹುಳು ಆಸೆಯಿಂದ ತಿನ್ನಲೆಂದು ಬೆಲ್ಲ. ಸಂಜೆ ಹೊತ್ತು ಹೊಡೆಯಬೇಕು.

ಇದಕ್ಕೆ ಸಾವಿರಗಟ್ಟಲೆ ಹುಳು ಸಾಕಬೇಕು. ಸಾಕುವ ಕೋಣೆಯಲ್ಲಿ ಮೊದಲು ಕಲಿಸುವ ಪಾಠ ಒಂದೇ: ಮೂರನೆಯ ಹಂತಕ್ಕೆ ಬಂದ ಹುಳುಗಳನ್ನು ಒಟ್ಟಿಗೆ ಬಿಡಕೂಡದು. ಒಂದು ಗಾಜಿನ ನಳಿಕೆಗೆ ಒಂದು ಹುಳು, ಮೇಲೆ ಅರಳೆಯ ಬಿರಡೆ. ಕಡಲೆ ಹಿಟ್ಟು, ಅಗರ್, ಯೀಸ್ಟ್, ವಿಟಮಿನ್ ಕಲಸಿ ಕುದಿಸಿ ಹೆಪ್ಪುಗಟ್ಟಿಸಿದ ಆಹಾರವನ್ನು ತುಂಡು ಮಾಡಿ ಪ್ರತಿಯೊಂದಕ್ಕೂ ಹಾಕಬೇಕು, ನಳಿಕೆ ತೊಳೆಯಬೇಕು, ಹಿಕ್ಕೆ ತೆಗೆಯಬೇಕು. ಕಾಯಿಕೊರಕ ಸಾಕುವ ಖರ್ಚಿನಲ್ಲಿ ದೊಡ್ಡ ಪಾಲು ಈ ಬಿಡಿಬಿಡಿ ಕೂಲಿಯದ್ದು. ನಂಜಾಣು ಔಷಧ ಅಗ್ಗವಾಗಿ, ಬೇಕಾದಷ್ಟು ಸಿಗದೇ ಹೋದದ್ದಕ್ಕೆ ಹಲವು ಕಾರಣಗಳಿವೆ. ಹುಳು ಹುಳುವನ್ನು ತಿನ್ನುತ್ತದೆ ಎಂಬುದೂ ಅವುಗಳಲ್ಲಿ ಒಂದು ಎಂದು ನನ್ನ ಅನುಭವ ಹೇಳುತ್ತದೆ.

ಒಮ್ಮೆ ನಮ್ಮ ಗುರುಗಳು ಬೇಕೆಂದೇ ಒಂದು ಅಗಲ ಬಟ್ಟಲಿನಲ್ಲಿ ಹತ್ತಾರು ಹುಳು ಬಿಟ್ಟು, ಬೇಕಾದಷ್ಟು ಆಹಾರ ಇಟ್ಟು, ನನ್ನನ್ನು ಮುಂದೆ ಕೂರಿಸಿದರು. “ಏನೂ ಬರೀಬ್ಯಾಡ, ಬರೀ ನೋಡು” ಅಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಹುಳುಗಳು ತಿನ್ನುತ್ತಿದ್ದವು. ಅಡ್ಡಾಡುವಾಗ ಒಂದಕ್ಕೊಂದು ತಾಗಿದರೆ ಇಬ್ಬದಿಯೂ ತಲೆ ಎತ್ತಿ ಕೊಡವಿ, ಬಾಯಿಂದ ಹಸಿರು ರಸ ಕಕ್ಕಿ, ಹಿಂದೆ ಸರಿಯುತ್ತಿದ್ದವು. ಅಂಚಿನಲ್ಲಿ ಒಂದು ಹುಳು ಮಾತ್ರ ಅಲುಗದೆ ಇತ್ತು. ಪೊರೆ ಬಿಡುವ ಹೊತ್ತು ಅದಕ್ಕೆ. ಹಳೆಯ ತಲೆಚಿಪ್ಪು ಸಡಿಲಾಗಿ ಮುಂದಕ್ಕೆ ಜಾರಿ, ಅದರ ಹಿಂದೆ ಹೊಸ ತಲೆ ಬಿಳುಪಾಗಿ ಕಾಣುತ್ತಿತ್ತು. ಆ ಸ್ಥಿತಿಯಲ್ಲಿ ಹುಳು ಕಚ್ಚಲಾರದು, ಓಡಲಾರದು. ಅಡ್ಡಾಡುತ್ತ ಬಂದ ಇನ್ನೊಂದು ಅದಕ್ಕೆ ತಾಗಿತು. ಈ ಕಡೆಯಿಂದ ತಲೆ ಕೊಡವುವ ಉತ್ತರ ಬರಲಿಲ್ಲ. ಮತ್ತೊಮ್ಮೆ ತಾಗಿ ನೋಡಿತು. ಆಮೇಲೆ ಪಕ್ಕೆಗೆ ಬಾಯಿ ಹಾಕಿತು. ತಿಳಿಹಸಿರು ದ್ರವ ಹನಿಯಾಗಿ ಹೊರಬಂತು, ಅದನ್ನು ಹೀರಿತು. ಹಿಂಭಾಗದಿಂದ ಮುಂದಕ್ಕೆ, ಎಲೆ ತಿನ್ನುವ ಅದೇ ನಿಧಾನದಲ್ಲಿ, ತಿನ್ನುತ್ತ ಬಂತು. ಕೊನೆಗೆ ಸಡಿಲಾಗಿದ್ದ ಆ ತಲೆಚಿಪ್ಪು, ಚರ್ಮದ ಒಂದು ಸುರುಳಿ ಉಳಿದವು. ಕಡಲೆ ಹಿಟ್ಟಿನ ತುಂಡು ಅಲ್ಲೇ ಬೆರಳಿನಷ್ಟು ದೂರದಲ್ಲಿತ್ತು.

ತಿಂದ ಹುಳು ಆಮೇಲೆ ಬಹಳ ಹೊತ್ತು ಕದಲಲಿಲ್ಲ. ನನಗೆ ಮತ್ತೆ ಪಡಸಾಲೆಯ ಆ ಡಬ್ಬಿ ನೆನಪಾಯಿತು. ಮನಸ್ಸಿಗೆ ಹೇಸಿಗೆ ಆಯಿತೆಂದೇನೂ ಹೇಳಲಾರೆ. ಬೆರಗು ಹೆಚ್ಚಾಗಿತ್ತು. ಇಂಥದ್ದೊಂದು ಊಟ ಈ ಮೈಯೊಳಗೆ ಹೋಗಿ ಏನಾಗುತ್ತದೆ ಎಂಬ ಪ್ರಶ್ನೆ ಅಲ್ಲಿಂದ ನನ್ನನ್ನು ಬಿಡಲಿಲ್ಲ.

ಮೇಲ್ನೋಟದ ಲೆಕ್ಕ ತಿಂದವನ ಪರವಾಗಿಯೇ ಇದೆ. ಹುಳುವಿನ ಬಾಳೆಂದರೆ ಬೆಳೆಯುವುದು. ಮೊಟ್ಟೆಯಿಂದ ಹೊರಬಂದಾಗಿನ ತೂಕಕ್ಕೆ ಸಾವಿರ ಪಟ್ಟು ಮೀರಿ ಎರಡು, ಮೂರು ವಾರದಲ್ಲಿ ಬೆಳೆಯಬೇಕು. ಬೆಳೆಯಲು ಬೇಕಾದದ್ದು ಮುಖ್ಯವಾಗಿ ಸಸಾರಜನಕ, ಅಂದರೆ ಸಾರಜನಕ ಕೂಡಿದ ಪ್ರೋಟೀನು. ಎಲೆಯನ್ನು ಒಣಗಿಸಿ ತೂಗಿದರೆ ಅದರಲ್ಲಿ ಸಾರಜನಕ ಶೇ. 2ರಿಂದ 4 ಮಾತ್ರ. ಹುಳುವಿನ ಮೈಯಲ್ಲಿ ಶೇ. 9ರ ಆಸುಪಾಸು. ಬಡ ಎಲೆಯಿಂದ ಸಿರಿವಂತ ಮೈ ಕಟ್ಟಬೇಕೆಂದೇ ಹುಳು ಹಗಲು ರಾತ್ರಿ ತಿನ್ನುತ್ತದೆ, ತಿಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಕ್ಕೆಯಾಗಿ ಹೊರಹಾಕುತ್ತದೆ. ನಮ್ಮ ಪಾಠದಲ್ಲಿ ಇದನ್ನು ಅಳೆಯುವ ವಿಧಾನವಿತ್ತು. ಗಿಲ್ಬರ್ಟ್ ವಾಲ್ಡ್‌ಬೌರ್ ಎಂಬ ವಿಜ್ಞಾನಿ 1968ರಲ್ಲಿ ಕ್ರಮಪಡಿಸಿ ಬರೆದದ್ದು. ಹಾಕಿದ ಆಹಾರ, ಉಳಿದ ಆಹಾರ, ಹಿಕ್ಕೆ, ಹುಳು ಎಲ್ಲವನ್ನೂ ತೂಗಿ, ತಿಂದದ್ದರಲ್ಲಿ ಎಷ್ಟು ಅರಗಿತು, ಅರಗಿದ್ದರಲ್ಲಿ ಎಷ್ಟು ಮೈಯಾಯಿತು, ಎಷ್ಟು ಉಸಿರಾಟಕ್ಕೆ ಉರಿದುಹೋಯಿತು ಎಂದು ತೆಗೆಯುವ ಲೆಕ್ಕ. ಸೂಕ್ಷ್ಮ ತಕ್ಕಡಿಯ ಮುಂದೆ ಹಿಕ್ಕೆಯ ಕಾಳುಗಳನ್ನು ಚಿಮಟದಲ್ಲಿ ಎತ್ತಿ ಎತ್ತಿ ಇಡುತ್ತ ನಾನು ಕಳೆದ ಮಧ್ಯಾಹ್ನಗಳು ಬಹಳ. ಆ ಕೆಲಸ ನನಗೆ ಇಷ್ಟವಾಗಿತ್ತು. ಒಂದು ಜೀವ ತಿಂದದ್ದೆಲ್ಲ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಕಾಣುವುದು ಅಲ್ಲಿ ಮಾತ್ರ.

ಈ ಲೆಕ್ಕದ ಪ್ರಕಾರ ತನ್ನಂಥದ್ದೇ ಇನ್ನೊಂದು ಹುಳು ಸಿಕ್ಕರೆ ಅದಕ್ಕಿಂತ ಸರಿಯಾದ ಆಹಾರ ಬೇರೆ ಇರಬಾರದು. ಬೇಕಾದ ಅಮೈನೊ ಆಮ್ಲಗಳೆಲ್ಲ ಬೇಕಾದ ಪ್ರಮಾಣದಲ್ಲೇ ಅಲ್ಲಿವೆ. ನಾರು ಇಲ್ಲ, ಗಿಡ ತುಂಬಿಟ್ಟ ವಿಷವೂ ಕಡಿಮೆ. ಹಾಗಿದ್ದ ಮೇಲೆ ತಿಂದವನು ಬೇಗ ಬೆಳೆದು, ದಪ್ಪ ಕೋಶವಾಗಿ, ಹೆಚ್ಚು ಮೊಟ್ಟೆ ಇಡುವ ಪತಂಗವಾಗಬೇಕು.

ಹಾಗಾಗುವುದಿಲ್ಲ. 1999ರಲ್ಲಿ ಜೇಸನ್ ಚಾಪ್‌ಮನ್ ಮತ್ತು ಸಂಗಡಿಗರು ಫಾಲ್ ಸೈನಿಕ ಹುಳುವಿನ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಆಗ ಆ ಹುಳು ಅಮೆರಿಕ ಖಂಡಗಳನ್ನು ಬಿಟ್ಟು ಹೊರಗೆ ಬಂದಿರಲಿಲ್ಲ, ನಮಗೆ ಅದರ ಹೆಸರು ಪರೀಕ್ಷೆಗಷ್ಟೇ ಬೇಕಾಗಿತ್ತು. ಗೋವಿನಜೋಳದ ಒಂದೊಂದು ಗಿಡಕ್ಕೆ ನಾಲ್ಕನೆಯ ಹಂತದ ಎರಡು ಅಥವಾ ನಾಲ್ಕು ಹುಳು ಬಿಟ್ಟಾಗ 3 ದಿನದಲ್ಲಿ ಸುಮಾರು ಶೇ. 40ರಷ್ಟು ಹುಳುಗಳು ತಮ್ಮವರ ಬಾಯಿಗೇ ಹೋದವು. ಅದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಫಲಿತಾಂಶ. ಬೇರೆ ಆಹಾರ ಧಾರಾಳವಾಗಿದ್ದಾಗ, ತನ್ನ ಜಾತಿಯನ್ನು ತಿಂದ ಹುಳುಗಳು ತಿನ್ನದವುಗಳಿಗಿಂತ ಕಡಿಮೆ ಬದುಕಿದವು, ನಿಧಾನ ಬೆಳೆದವು, ಅವುಗಳ ಕೋಶದ ತೂಕವೂ ಕಡಿಮೆ. ಕೋಶ ಹಗುರಾದರೆ ಹೆಣ್ಣು ಪತಂಗದ ಮೊಟ್ಟೆಯೂ ಕಡಿಮೆ. ಎಂದರೆ ತಿಂದದ್ದಕ್ಕೆ ಆ ಹುಳು ಬೆಲೆ ತೆತ್ತಿತು.

ಯಾಕೆ ಎಂಬುದಕ್ಕೆ ಹಲವು ಕಾರಣ ಕೂಡಿಬಂದಿರಬಹುದು. ಜಗಳಕ್ಕೆ ಶಕ್ತಿ ಬೇಕು, ಗಾಯವೂ ಆಗುತ್ತದೆ. ಗಾಯ ಮಾಯಲು, ಸೋಂಕು ತಡೆಯಲು ಬೆಳವಣಿಗೆಗೆ ಹೋಗಬೇಕಾದ ಪ್ರೋಟೀನು ಖರ್ಚಾಗುತ್ತದೆ. ಎಲೆ ಅರಗಿಸಲೆಂದೇ ಆದ ಹುಳುವಿನ ಕರುಳು ಬಲು ಕ್ಷಾರೀಯ, ಅದರೊಳಗಿನ ಕಿಣ್ವಗಳೂ ಆ ಕೆಲಸಕ್ಕೆ ಹೊಂದಿಕೊಂಡಂಥವು. ಇನ್ನು ಪ್ರೋಟೀನು ಹೆಚ್ಚಾದಷ್ಟೂ ಒಳ್ಳೆಯದೆಂದೂ ಇಲ್ಲ. ಮೈಗೆ ಬೇಕಾದಷ್ಟು ಬಳಸಿಕೊಂಡು ಉಳಿದದ್ದನ್ನು ಹುಳು ಉರಿಸಬೇಕು, ಅದರ ಸಾರಜನಕವನ್ನು ಯೂರಿಕ್ ಆಮ್ಲ ಮಾಡಿ ಹೊರಹಾಕಬೇಕು, ಆ ಕೆಲಸಕ್ಕೂ ಶಕ್ತಿ ಬೇಕು. ಕೋಶದೊಳಗೆ ಏನೂ ತಿನ್ನದೆ ಕಳೆಯುವ ದಿನಗಳಿಗೆ ಕೊಬ್ಬು ಕೂಡಿಡಬೇಕು, ಕೊಬ್ಬಿಗೆ ಪಿಷ್ಟ, ಸಕ್ಕರೆ ಬೇಕು. ರೊಟ್ಟಿ ಪಲ್ಯದ ಮೈಗೆ ಬರೀ ಬೇಳೆ ತಿನ್ನಿಸಿದ ಹಾಗೆ. ಸ್ಟೀಫನ್ ಸಿಂಪ್ಸನ್ ಮತ್ತು ಡೇವಿಡ್ ರಾಬೆನ್‌ಹೈಮರ್ ದಶಕಗಳ ಕಾಲ ಮಿಡತೆ, ಕಂಬಳಿಹುಳುಗಳಿಗೆ ಬೇರೆ ಬೇರೆ ಪ್ರಮಾಣದ ಆಹಾರ ಕೊಟ್ಟು ತೋರಿಸಿದ್ದು ಇದನ್ನೇ. ಕೀಟ ಹುಡುಕುವುದು ಸಮತೋಲವನ್ನು, ಬರೀ ಹೆಚ್ಚಳವನ್ನಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ರೋಗದ್ದು. ಬೇಗ ಸಿಗುವ ಹುಳು ಎಂದರೆ ಅಶಕ್ತ ಹುಳು. ಅಶಕ್ತವಾಗಿರುವುದಕ್ಕೆ ನಂಜಾಣುವೇ ಕಾರಣವಾಗಿರಬಹುದು. ಅದನ್ನು ತಿಂದವನು ಸಾವನ್ನೇ ತಿಂದಂತೆ. ಎನ್‌ಪಿವಿ ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ಚಾಪ್‌ಮನ್ ತಂಡವೇ ತೋರಿಸಿದೆ.

ಆದರೂ ತಿನ್ನುವುದನ್ನು ಯಾಕೆ ಬಿಟ್ಟಿಲ್ಲ? 1981ರಲ್ಲಿ ಗ್ಯಾರಿ ಪೋಲಿಸ್ ಪ್ರಾಣಿಲೋಕವನ್ನೆಲ್ಲ ಜಾಲಾಡಿ ಸ್ವಜಾತಿ ಭಕ್ಷಣೆ ಕಂಡುಬಂದ ಸುಮಾರು 1,300 ಜಾತಿಗಳ ಪಟ್ಟಿ ಮಾಡಿದ್ದರು. ಇಷ್ಟು ಹಬ್ಬಿದ ನಡತೆಯಲ್ಲಿ ಲಾಭ ಇಲ್ಲದೆ ಇರಲಾರದು. ಉತ್ತರದ ಒಂದು ಭಾಗ ಹಸಿವಿನಲ್ಲಿದೆ. ಹಣ್ಣಿನ ನೊಣದ ಮರಿಹುಳುಗಳ ಮೇಲೆ ರೋಶನ್ ವಿಜೇಂದ್ರವರ್ಮ ಮತ್ತು ಸಂಗಡಿಗರು ಸ್ವಿಜರ್ಲೆಂಡಿನ ಲೊಸಾನ್‌ನಲ್ಲಿ ಮಾಡಿದ ಕೆಲಸ 2013ರಲ್ಲಿ ಪ್ರಕಟವಾಯಿತು. ಬೇರೇನೂ ಕೊಡದೆ ತಮ್ಮ ಜಾತಿಯ ಹುಳುಗಳನ್ನಷ್ಟೇ ಕೊಟ್ಟಾಗಲೂ ಕೆಲವು ಮರಿಹುಳುಗಳು ಬೆಳೆದು ನೊಣವಾದವು. ನೂರಕ್ಕೂ ಹೆಚ್ಚು ತಲೆಮಾರು ಅರೆಹೊಟ್ಟೆಯಲ್ಲಿ ಸಾಕಿದ ಸಂತತಿಗಳಲ್ಲಿ ಈ ಪ್ರವೃತ್ತಿ ಹೆಚ್ಚಾಗಿತ್ತು. ಬರಗಾಲವೇ ಅದನ್ನು ಬೆಳೆಸಿತ್ತು. ಹಾಗಾಗಿ ತಿಂದದ್ದು ಮೈಗೆ ಹತ್ತುತ್ತದೆಯೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಬೇರೆ ಅನ್ನ ಇಲ್ಲದಾಗ ಹತ್ತುತ್ತದೆ, ಇದ್ದಾಗ ಹಾನಿ.

ಉತ್ತರದ ಇನ್ನೊಂದು ಭಾಗ ಸುಳಿಯೊಳಗಿದೆ. ಒಂದೇ ಗಿಡದಲ್ಲಿ ಹುಳು ಹೆಚ್ಚಿದಷ್ಟೂ ಎಲೆ ಹೆಚ್ಚು ಹರಿಯುತ್ತದೆ, ಹಿಕ್ಕೆ ಹೆಚ್ಚು ಬೀಳುತ್ತದೆ. ಹಾನಿಯಾದ ಗಿಡಗಳಿಗೆ ಶತ್ರುಕೀಟಗಳು ಹೆಚ್ಚಾಗಿ ಬರುತ್ತವೆ. ಬಾಲದಲ್ಲಿ ಇಕ್ಕಳವಿರುವ ಇಯರ್‌ವಿಗ್‌ಗಳು ಅವುಗಳಲ್ಲಿ ಮುಖ್ಯ. ಪಕ್ಕದ ಹುಳುವನ್ನು ಇಲ್ಲವಾಗಿಸಿದರೆ ಆ ಗದ್ದಲ ಕಡಿಮೆಯಾಗುತ್ತದೆ, ಬೇಟೆಗಾರರ ಕಣ್ಣು ತಪ್ಪುತ್ತದೆ. ಚಾಪ್‌ಮನ್ ತಂಡದವರು 2000ದಲ್ಲಿ ಎತ್ತಿದ ಪ್ರಶ್ನೆ ಇದೇ. ನನಗೆ ಇದನ್ನು ಓದಿದಾಗ ಮೈ ಜುಮ್ಮೆಂದಿತು. ಹೊಟ್ಟೆಗಿಂತ ಹೆಚ್ಚಾಗಿ ಜಾಗಕ್ಕಾಗಿ ತಿನ್ನುವುದು. ಆಯಿ ಹೇಳಿದ್ದು ಇಕ್ಕಟ್ಟಿನ ಮಾತು.

ಇದೆಲ್ಲ ಎಲೆ ತಿನ್ನುವ ಹುಳುಗಳ ಕಥೆ. ಮಾಂಸವನ್ನೇ ತಿನ್ನುವ ಮರಿಹುಳುಗಳದ್ದು ಬೇರೆ. ಅದನ್ನು ಕಲಿಸಿದ್ದು ಕಬ್ಬು. 2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಬ್ಬಿನ ಎಲೆಯ ತಳದಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡಿತು, ಗಡಿ ದಾಟಿ ನಮ್ಮ ಕಡೆ ಬರಲು ತಡವಾಗಲಿಲ್ಲ. ಸಂಕೇಶ್ವರ, ಹುಕ್ಕೇರಿ, ಗೋಕಾಕ ಎಲ್ಲ ಕಡೆ ಕಬ್ಬಿನ ಗದ್ದೆಗೆ ಹೊಕ್ಕು ಹೊರಬಂದರೆ ಅಂಗಿಯ ತುಂಬ ಬಿಳಿ ಮೇಣ. ಎಲೆಯ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಎಷ್ಟು ಎಣ್ಣೆ ಹೊಡೆದರೂ ಎತ್ತರಕ್ಕೆ ಬೆಳೆದು ಬಿದ್ದ ಕಬ್ಬಿನೊಳಗೆ ಮುಟ್ಟುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಡಿಫಾ ಎಂಬ ಪತಂಗದ ಮರಿ ಮತ್ತು ಮೈಕ್ರೋಮಸ್ ಎಂಬ ಕಂದು ಬಣ್ಣದ ಜಾಲರೆಕ್ಕೆ ಕೀಟದ ಮರಿ. ಎರಡೂ ಹೇನು ತಿಂದೇ ಬೆಳೆಯುವಂಥವು. ಒಬ್ಬರ ಗದ್ದೆಯಿಂದ ಎಲೆ ಸಮೇತ ಮರಿಗಳನ್ನು ಕೊಯ್ದು ಇನ್ನೊಬ್ಬರ ಗದ್ದೆಗೆ ಕಟ್ಟುವ ಕೆಲಸ ಹಳ್ಳಿಹಳ್ಳಿಯಲ್ಲಿ ನಡೆಯಿತು. ನಾನೂ ಆ ಓಡಾಟದಲ್ಲಿದ್ದೆ.

ಮೈಕ್ರೋಮಸ್ ಮರಿಗಳನ್ನು ಒಯ್ಯುವಾಗ ಹೇನು ತುಂಬಿದ ಎಲೆಯನ್ನೂ ಧಾರಾಳವಾಗಿ ಜೊತೆಗಿಡಬೇಕು. ಇಲ್ಲವಾದರೆ ಚೀಲ ಬಿಚ್ಚುವ ಹೊತ್ತಿಗೆ ಮರಿಗಳ ಸಂಖ್ಯೆ ಕರಗಿರುತ್ತದೆ. ಒಬ್ಬ ಹಿರಿಯ ರೈತರು ಚೀಲದೊಳಗೆ ಇಣುಕಿ, “ಇವೂ ತಮ್ಮನ್ನ ತಾವ ತಿಂತಾವೇನ್ ತಂಗಿ?” ಎಂದು ಕೇಳಿದ್ದರು. “ಹೌದ್ರಿ ಕಾಕಾ, ಹೇನು ಮುಗದ್ರ ತಿಂತಾವ” ಎಂದೆ. ಕುತ್ತಿಗೆ ಅಲ್ಲಾಡಿಸಿ, ಇನ್ನೊಂದು ಹಿಡಿ ಎಲೆ ಕೊಯ್ದು ತಂದು ಚೀಲಕ್ಕೆ ತುಂಬಿದರು. ಇವುಗಳ ಹೊಟ್ಟೆ ಮೊದಲಿನಿಂದಲೂ ಮಾಂಸಕ್ಕೆ ಒಗ್ಗಿದ್ದು, ಹೇನಾದರೂ ಒಡಹುಟ್ಟಾದರೂ ಅರಗಿಸುವ ದಾರಿ ಒಂದೇ. ಇವುಗಳ ಬಳಗದ ಹಸಿರು ಜಾಲರೆಕ್ಕೆ ಕೀಟ ಕೂದಲೆಳೆಯಂಥ ಕಾಂಡದ ತುದಿಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಮೊದಲು ಒಡೆದ ಮರಿ ಉಳಿದ ಮೊಟ್ಟೆಗಳನ್ನು ತಿಂದುಬಿಡದಂತೆ ತಾಯಿ ಮಾಡಿದ ಏರ್ಪಾಡು ಅದು ಎಂದು ಬಲ್ಲವರು ಹೇಳುತ್ತಾರೆ. ಮೊದಲ ಸಲ ಅದನ್ನು ಎಲೆಯ ಅಂಚಿನಲ್ಲಿ ಕಂಡಾಗ, ತನ್ನ ಮಕ್ಕಳ ಗುಣ ಬಲ್ಲ ತಾಯಿ ಎಂದುಕೊಂಡೆ.

ಗಿಡಗಳಿಗೂ ಈ ಗುಣ ಪ್ರಯೋಜನಕ್ಕೆ ಬರುತ್ತದೆ ಎಂಬುದು ಇತ್ತೀಚಿನ ಅರಿವು. 2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಆರಾಕ್ ಮತ್ತು ಸಂಗಡಿಗರು ಟೊಮೆಟೊ ಗಿಡಗಳ ಮೇಲೆ ಮೀಥೈಲ್ ಜಾಸ್ಮೊನೇಟ್ ಸಿಂಪಡಿಸಿದರು. ಹುಳು ಬಿದ್ದಿದೆ ಎಂದು ಗಿಡಕ್ಕೆ ಸುದ್ದಿ ಮುಟ್ಟಿಸುವ ವಸ್ತು ಅದು. ಗಿಡ ತನ್ನ ಎಲೆಯನ್ನು ಬಾಯಿಗೆ ಹಿಡಿಸದಂತೆ ಮಾಡಿಕೊಂಡಿತು. ಆಗ ಅದರ ಮೇಲಿದ್ದ ಸೈನಿಕ ಹುಳುಗಳು ಎಲೆ ಬಿಟ್ಟು ಬಹುಬೇಗ ಒಂದನ್ನೊಂದು ತಿನ್ನತೊಡಗಿದವು, ಎಲೆ ಹೆಚ್ಚು ಉಳಿಯಿತು. ಟೊಮೆಟೊ ಗಿಡವನ್ನು ಮುಟ್ಟಿದಾಗ ಬೆರಳಿಗೆ ಹತ್ತುವ ಆ ಘಾಟು ವಾಸನೆಯ ಬಗ್ಗೆ ನನಗೆ ಅಂದಿನಿಂದ ಹೊಸ ಗೌರವ.

2018ರ ಮೇ, ಜೂನ್‌ನಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದವರು ಫಾಲ್ ಸೈನಿಕ ಹುಳುವನ್ನು ದೇಶದಲ್ಲೇ ಮೊದಲು ಗುರುತಿಸಿದರು. 2016ರಲ್ಲಿ ಆಫ್ರಿಕಾ ಹೊಕ್ಕಿದ್ದ ಹುಳು ಎರಡೇ ವರ್ಷಕ್ಕೆ ಕರ್ನಾಟಕದಲ್ಲಿತ್ತು. ತಮ್ಮನ ಫೋನು ಬಂತು. ನೀರು ತಾಗಿದ ಹೊಲದಲ್ಲಿ ಕಬ್ಬಿನ ಸಾಲು ಬಿಡಿಸಿ ಅವನು ಗೋವಿನಜೋಳ ಹಾಕಿದ್ದ.

“ಅಕ್ಕಾ, ಒಂದೊಂದ ಸುಳ್ಯಾಗ ಒಂದೊಂದ ಹುಳಾ ಐತಿ. ಹುಳಾ ಕಡಿಮಿ ಅದಾವ ಅಂತ ಬಿಡ್ಲ್ಯಾ?”

ಈ ಮಾತಿನಲ್ಲೇ ತೊಡಕು ಇರುವುದು. ಸುಳಿಗೆ ಒಂದು ಎಂದರೆ ಕಡಿಮೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಒಂದೇ ಉಳಿದಿದೆ ಎಂದರೆ ಮುಗಿಯಬೇಕಾದದ್ದು ಮುಗಿದಿದೆ, ಉಳಿದವುಗಳನ್ನು ಗೆದ್ದ ಹುಳು ಅದು, ಸುಳಿಯ ಆಳಕ್ಕೆ ಇಳಿದು ಹಿಕ್ಕೆಯ ಮುಚ್ಚಳ ಹಾಕಿಕೊಂಡಿದೆ, ಔಷಧ ಅದಕ್ಕೆ ಮುಟ್ಟುವುದು ಕಷ್ಟ. ಅದಕ್ಕೇ ಶಿಫಾರಸು ಮಾಡುವವರು ಹುಳು ಎಣಿಸಿ ಎನ್ನುವುದಿಲ್ಲ, ಹಾನಿಯಾದ ಗಿಡ ಎಣಿಸಿ ಎನ್ನುತ್ತಾರೆ. ಎಳೆ ಬೆಳೆಯಲ್ಲಿ ನೂರಕ್ಕೆ 5 ಗಿಡ ಹಾನಿಯಾಗಿದ್ದರೆ ಬೇವಿನ ಬೀಜದ ಕಷಾಯಕ್ಕೆ ಹೊತ್ತಾಯಿತು, ಸುಳಿ ಬಲಿತ ಮೇಲೆ ನೂರಕ್ಕೆ 10 ದಾಟಿದರೆ ಬೇರೆ ಔಷಧ. ನೋಡಬೇಕಾದ ಕಾಲ ಅದಕ್ಕಿಂತ ಮುಂಚಿನದು. ಎಲೆಯ ಮೇಲೆ ರೋಮದ ಹೊದಿಕೆ ಇರುವ ಮೊಟ್ಟೆಯ ಗುಂಪು, ಆಮೇಲೆ ಎಲೆಯ ಹಸಿರನ್ನಷ್ಟೇ ಕೆರೆದು ತಿಂದು ಉಳಿಸಿದ ಕಾಗದದಂಥ ತೆಳು ಚುಕ್ಕೆಗಳು. ಆಗ ಹುಳುಗಳೆಲ್ಲ ಇನ್ನೂ ಜೊತೆಗಿರುತ್ತವೆ, ಒಂದನ್ನೊಂದು ತಿನ್ನುವಷ್ಟು ದೊಡ್ಡವಾಗಿರುವುದಿಲ್ಲ. ಒಂದು ಎಲೆಯನ್ನು ಬೆರಳಲ್ಲಿ ತಿಕ್ಕಿದರೆ ನೂರು ಹುಳು ಹೋಗುತ್ತವೆ.

ಆ ವಾರ ಊರಿಗೆ ಹೋದೆ. ತಮ್ಮ, ನಾದಿನಿ, ಅವರ ಮಗಳು, ನಾನು ಸಾಲು ಹಿಡಿದು ಎಲೆ ತಿರುವುತ್ತ ನಡೆದೆವು. ಹೊಲದ ತಗ್ಗಿನ ಕಡೆ, ಮಳೆಯ ತಂಪು ಹಿಡಿದ ಜಾಗದಲ್ಲಿ, ಕೆಲವು ಹುಳುಗಳು ಸುಳಿಯಲ್ಲೇ ಸೆಟೆದು ಸತ್ತಿದ್ದವು. ಮೈಮೇಲೆ ಮೊದಲು ಬಿಳಿ, ಆಮೇಲೆ ತಿಳಿಹಸಿರು ಪುಡಿ. ಮೆಟರೈಜಿಯಂ ರಿಲೈ ಶಿಲೀಂಧ್ರ ಅದು. ಅದರ ಹಳೆಯ ಹೆಸರು ನೊಮುರಿಯಾ. ಧಾರವಾಡದಲ್ಲಿ ನಮ್ಮ ಹಿರಿಯರು ವರ್ಷಗಟ್ಟಲೆ ಅದರ ಮೇಲೆ ಕೆಲಸ ಮಾಡಿದ್ದರು. ಯಾರೂ ಸಿಂಪಡಿಸದೆ ತಾನಾಗಿಯೇ ಬಂದು ಹೊಸ ಹುಳುವನ್ನು ಹಿಡಿದಿತ್ತು. ನಾದಿನಿ ಅವನ್ನು ಕಿತ್ತು ಎಸೆಯಲು ಹೋದಳು.

“ತಗೀಬ್ಯಾಡ” ಅಂದೆ. “ಅಲ್ಲೇ ಇರಲಿ. ಪುಡಿ ಹಾರಿ ಉಳದ ಹುಳಕ್ಕೂ ಹತ್ತತೈತಿ.”

ತಮ್ಮ ಆ ತಗ್ಗಿನ ಸಾಲುಗಳಿಗೆ ಎಣ್ಣೆ ಹೊಡೆಯಲಿಲ್ಲ. ಮೇಲಿನ ಸಾಲುಗಳಿಗೆ ಸಂಜೆ ಹೊತ್ತು, ಪಂಪಿನ ಮೂತಿಯನ್ನು ನೇರ ಸುಳಿಗೆ ಹಿಡಿದು ಬೇವಿನ ಕಷಾಯ ಹೊಡೆದ. ಮುಂದಿನ ಮುಂಗಾರಿಗೆ ಬೀಜ ನಾಟಿದ ವಾರದಿಂದಲೇ ಅವನ ಮಗಳು ಸಾಲಿ ಬಿಟ್ಟು ಬಂದ ಮೇಲೆ ಹೊಲದ ಐದು ಕಡೆ ನಿಂತು ಎಲೆ ತಿರುವಿ ನೋಡುತ್ತಿದ್ದಳು. ಮೊಟ್ಟೆಯ ಗುಂಪು ಕಂಡರೆ ಎಲೆ ಹರಿದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ತಂದು, ಒಡೆದ ಮರಿಗಳನ್ನು ಎಣಿಸಲು ಕೂತುಬಿಡುತ್ತಾಳೆ ಎಂದು ಅವರವ್ವ ಫೋನಿನಲ್ಲಿ ನನಗೆ ದೂರು ಹೇಳಿದಳು. ಎಣಿಸುವುದಾದರೆ ದಿನಾ ಎಣಿಸಿ ಬರೆದಿಡು ಎಂದು ನಾನು ಹುಡುಗಿಗೆ ಒಂದು ವಹಿ ಕಳಿಸಿದೆ.